ಸಾವ್ಕಾರರ ದುರ್ಬೀನು

ನಮ್ಮ ಎದುರುಮನೆಯ ಸಾವ್ಕಾರರು ಕೋಸ್ಟರಿಕಾದ ಕಾಡಿಗೆ ಹಕ್ಕಿ ನೋಡಲು ಹೋಗುವವರಿದ್ದರು. ವರ್ಷಗಳಿಂದಲೂ ಬರೀ ಹೋಗುವವರೇ ಆಗಿದ್ದರು. ಜೇವರ್ಗಿಯ ಬಜಾರಿನಲ್ಲಿ ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ತಿರುಗುತ್ತಿದ್ದರು. ಅದರ ಮುಚ್ಚಳ ತೆಗೆದದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಯಾರು ಸಿಕ್ಕರೂ ಒಂದೇ ಮಾತು: "ನಮ್ಮ ಕಡಿ ನೋಡಾಕ ಏನದರಿ?"

ಒಂದು ಚಳಿಗಾಲದಲ್ಲಿ ಪ್ರವಾಸದ ವಿಚಾರ ಹೇಳಲೆಂದೇ ಓಣಿಯವರನ್ನೆಲ್ಲ ತಮ್ಮ ಹೊಲಕ್ಕೆ ಸೀತನಿ ತಿನ್ನಲು ಕರೆದರು. ಸುಟ್ಟ ಎಳೆಜೋಳ ಮುಕ್ಕುತ್ತ, ಮೊಬೈಲಿನಲ್ಲಿ ಬಣ್ಣದ ಕೊಕ್ಕಿನ ಹಕ್ಕಿಗಳನ್ನು ತೋರಿಸುತ್ತಿದ್ದರು. ಅಷ್ಟರಲ್ಲಿ ಗುಲಾಬಿ ಮೈಯ, ಕರಿತಲೆಯ ಹಕ್ಕಿಗಳ ದೊಡ್ಡ ಹಿಂಡೊಂದು ಬಂದು ಜೋಳದ ಮೇಲೆ ಇಳಿಯಿತು. ನಾವೆಲ್ಲ ನೋಡಲು ಎದ್ದು ನಿಂತೆವು. ಸಾವ್ಕಾರರು ಮೊಬೈಲಿನಿಂದ ಕಣ್ಣೆತ್ತದೆ ಆಳಿಗೆ ಹೇಳಿದರು: "ಲೇ, ಕವಣಿ ಬೀಸು. ತೆನಿ ತಿನ್ನಾಕತ್ತಾವ."

"ಸಾವ್ಕಾರ್ರ, ಇವೂ ಪರದೇಶದಿಂದ ಬಂದಾವ್ರಿ," ಎಂದೆ.

ಅವರು ನನ್ನನ್ನು ಕನಿಕರದಿಂದ ನೋಡಿದರು. "ತಾವಾಗೇ ಬಂದದ್ದನ್ನ ಏನ್ ನೋಡೋದ್ರಿ ಮಾಸ್ತರ? ನಾವು ಹೋಗಿ ನೋಡಿದ್ರ ಅದು ಹಕ್ಕಿ."

ಕಲ್ಲು ಹಾರಿತು, ಹಿಂಡು ಎದ್ದು ಹೋಯಿತು. ಆಗ ಸಾವ್ಕಾರರು ಮೊದಲ ಸಲ ದುರ್ಬೀನಿನ ಮುಚ್ಚಳ ತೆಗೆದರು, ಎಷ್ಟು ತೆನೆ ಹಾಳಾಗಿವೆ ಎಂದು ನೋಡಲು.