ಕೈ ಊರದೆ ಏಳಿಸಿದವರು

ಅವರ ಮುಖಕ್ಕಿಂತ ಮೊದಲು ನೆನಪಾಗುವುದು ಬಲಗೈಯ ಎರಡು ಬೆರಳು. ತೋರುಬೆರಳು, ನಡುಬೆರಳು, ಎರಡೂ ಗಿಡ್ಡ, ಎರಡಕ್ಕೂ ಸದಾ ಸೈಕಲ್ ಟ್ಯೂಬಿನ ಬಿಳಿ ಪುಡಿ ಮೆತ್ತಿಕೊಂಡಿರುತ್ತಿತ್ತು. ಮಂಡಿನೋವೆಂದು ಅವರ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋದ ಮೊದಲ ದಿನ ನನ್ನನ್ನು ಮಗ್ಗುಲಾಗಿ ಮಲಗಿಸಿ, ಮೇಲಿನ ಕಾಲನ್ನು ನೆಟ್ಟಗೆ ಎತ್ತಿ ಹಿಡಿಯಲು ಹೇಳಿ, ಆ ಎರಡು ಬೆರಳಿನಿಂದ ಮೆಲ್ಲಗೆ ಒತ್ತಿದರು. ಕಾಲು ದೊಪ್ಪೆಂದು ಬಿತ್ತು. ನಿಲ್ಲದೆ ಹತ್ತು ಕಿಲೋಮೀಟರ್ ಓಡುತ್ತೇನೆಂದು ಆಫೀಸಿನಲ್ಲೆಲ್ಲ ಡಂಗುರ ಸಾರಿದ್ದವಳು ನಾನು. ಏನೋ ಮೋಸವಿದೆ ಎನ್ನಿಸಿ ಇನ್ನೊಮ್ಮೆ ಒತ್ತಿ ಎಂದೆ. ಒತ್ತಿದರು. ಮತ್ತೆ ಬಿತ್ತು.

"ಮಂಡಿಗೇನೂ ಆಗಿಲ್ಲಮ್ಮ. ಕುಂಡೀಲಿ ಬಲ ಇಲ್ಲ," ಎಂದರು.

ಪಕ್ಕದ ಚಾಪೆಗಳಲ್ಲಿ ಇನ್ನೂ ಮೂವರು ಹೆಂಗಸರಿದ್ದರು. ಕಾಲು ಬಿದ್ದದ್ದಕ್ಕಿಂತ ಆ ಮಾತಿಗೇ ನಾನು ಹೆಚ್ಚು ದಂಗಾದೆ. ನಮ್ಮ ಮನೆಯಲ್ಲಿ ಜಗಳವಾಡುವಾಗಲೂ ಯಾರೂ ಆಡದ ಪದ ಅದು. ಅರವತ್ತರ ಹತ್ತಿರದ ಹೆಂಗಸು ಅದನ್ನು ಉಪ್ಪು, ಮೆಣಸು ಎಂಬಷ್ಟು ಸಲೀಸಾಗಿ ಹೇಳಿಬಿಟ್ಟಿದ್ದರು.

ಹೊಸಕೆರೆಹಳ್ಳಿಯಲ್ಲಿ ಅವರದೇ ಕಟ್ಟಡದ ಕೆಳಗಿನ ಹಾಲ್ ಅವರ ಕ್ಲಿನಿಕ್ಕು. ಮೇಲೆಲ್ಲ ಬಾಡಿಗೆ ಮನೆಗಳು. ಊರಿನ ಹಳೇ ಒಕ್ಕಲುಮನೆಯವರು. ಕಟ್ಟಡ ನಿಂತಿದ್ದ ಜಾಗ ಒಂದು ಕಾಲಕ್ಕೆ ಅವರದೇ ರಾಗಿ ಹೊಲ. ಶ್ರೀನಗರ, ಹನುಮಂತನಗರದಿಂದೆಲ್ಲ ಬರುವವರು ಫಿಸಿಯೋ ಆಂಟಿ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ.

ಅಲ್ಲಿಗೆ ಹೋಗುವ ಮೊದಲು ನಾನು ಕಂಡಿದ್ದ ಡಾಕ್ಟರು ಎಕ್ಸ್‌ರೇ ನೋಡಿ, ಹೆಂಗಸರಿಗೆ ಈ ವಯಸ್ಸಿನಲ್ಲಿ ಓಟ ಯಾಕೆ, ವಾಕಿಂಗ್ ಸಾಕು ಎಂದಿದ್ದರು. ನನ್ನತ್ತೆಗೆ ಅಷ್ಟು ಖುಷಿಯಾದದ್ದನ್ನು ನಾನು ಬೇರೆಂದೂ ಕಂಡಿಲ್ಲ. ನನಗೆ ಮಾತ್ರ ಎದೆ ಒಡೆದಿತ್ತು. ಬ್ಯಾಂಕಿನ ಕೌಂಟರು, ಅಡುಗೆಮನೆ, ಮಗಳ ಹೋಮ್‌ವರ್ಕು ಇವುಗಳ ನಡುವೆ ಬೆಳಗಿನ ಆ ಒಂದು ಗಂಟೆ ಮಾತ್ರ ನನ್ನದಾಗಿತ್ತು. ಅದನ್ನೂ ಕಿತ್ತುಕೊಂಡರೆ ನನ್ನದು ಎನ್ನಲು ಏನೂ ಉಳಿಯುತ್ತಿರಲಿಲ್ಲ.

ಆಂಟಿ ಓಟ ಬಿಡು ಎನ್ನಲಿಲ್ಲ. ಕನ್ನಡಿಯ ಮುಂದೆ ಮೆಟ್ಟಿಲ ಮೇಲೆ ಒಂಟಿ ಕಾಲಲ್ಲಿ ನಿಲ್ಲಿಸಿ, ಇನ್ನೊಂದು ಕಾಲನ್ನು ಮೆಲ್ಲಗೆ ಕೆಳಗಿಳಿಸಲು ಹೇಳಿದರು. ನಿಂತ ಕಾಲಿನ ಮಂಡಿ ಒಳಕ್ಕೆ ವಾಲಿ ನಡುಗುತ್ತಿತ್ತು. ಸೊಂಟದ ಪಕ್ಕದ ಸ್ನಾಯು ತೊಡೆಯನ್ನು ಹಿಡಿದಿಡದಿದ್ದರೆ, ಪ್ರತಿ ಹೆಜ್ಜೆಗೂ ಮಂಡಿ ಹೀಗೆ ಒಳಕ್ಕೆ ವಾಲಿ ಚಿಪ್ಪು ಉಜ್ಜುತ್ತದೆ ಎಂದು ವಿವರಿಸಿದರು. ಇದೊಳ್ಳೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತಲ್ಲ ಎಂದು ನಾನು ನಕ್ಕೆ.

"ಇಷ್ಟು ದಿನ ಮಂಡಿಗೆ ಮುಲಾಮು ಹಚ್ಚಿ ಎಮ್ಮೆಗೆ ಬರೆ ಹಾಕ್ದೋಳು ನೀನೇ," ಎಂದರು.

ಒಳಗೆಲ್ಲ ಬಿಳಿ ಪುಡಿ ಮೆತ್ತಿರುವ ಹೊಸ ಸೈಕಲ್ ಟ್ಯೂಬು ಕತ್ತರಿಸಿ ಪಟ್ಟಿ ಮಾಡಿ ಕೊಡುವುದು ಅವರ ಪದ್ಧತಿ. ಅದನ್ನು ಮಂಡಿಯ ಮೇಲೆ ತೊಡೆಗಳ ಸುತ್ತ ಕಟ್ಟಿ, ಮಗ್ಗುಲಾಗಿ ಮಲಗಿ ಮಂಡಿ ಅಗಲಿಸಬೇಕು. ಎದ್ದು ನಿಂತು ಏಡಿಯ ಹಾಗೆ ಅಡ್ಡಡ್ಡ ನಡೆಯಬೇಕು. ಇನ್ನೊಂದು ನಿಯಮವಿತ್ತು. ಚಾಪೆಯಿಂದ ಏಳುವಾಗ ನೆಲಕ್ಕಾಗಲಿ ಮಂಡಿಗಾಗಲಿ ಕೈ ಊರುವಂತಿಲ್ಲ. ಯಾರಾದರೂ 'ಅಯ್ಯಪ್ಪಾ' ಎಂದರೆ, "ಹಂಗನ್ಬೇಡ, ಮಂಡಿ ಕೇಳಿಸ್ಕೊಳ್ಳುತ್ತೆ," ಎನ್ನುತ್ತಿದ್ದರು. ತಮ್ಮ ತಾಯಿ ಇದೇ ಜಾಗದಲ್ಲಿ ದಿನವೆಲ್ಲ ಕೂತು ಎದ್ದು ಕಳೆ ಕಿತ್ತವರು, ಮಂಡಿ ಅಂತ ಒಂದಿದೆ ಎಂದೇ ಅವರಿಗೆ ಗೊತ್ತಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತಿದ್ದರು.

ನಾನು ಮಾಡಿದ್ದೇನು? ಪಟ್ಟಿಯನ್ನು ಬೀರುವಿನಲ್ಲಿಟ್ಟು, ಮಂಡಿಗೆ ಬಿಗಿಯಾಗಿ ಕ್ಯಾಪ್ ಏರಿಸಿಕೊಂಡು ಓಡಿದೆ. ಹದಿನೈದು ದಿನದ ಮೇಲೆ ಪಟ್ಟಿ ಹಿಡಿದುಕೊಂಡು ಹೋಗಿ, ದಿನಾ ಮಾಡುತ್ತಿದ್ದೇನೆ ಎಂದು ರಾಜಾರೋಷವಾಗಿ ಸುಳ್ಳು ಹೇಳಿದೆ. ಅವರು ಪಟ್ಟಿ ಕೇಳಿ ಇಸ್ಕೊಂಡು ಅದರ ಒಳಮೈಯನ್ನು ಎರಡು ಬೆರಳಿಂದ ಸವರಿದರು.

"ಪುಡಿ ಹಾಗೇ ಇದೆಯಲ್ಲಮ್ಮ. ಇದು ಹೋದ್ಮೇಲೆ ಬಾ."

ಅಷ್ಟೇ. ಬೈಯಲಿಲ್ಲ, ದನಿ ಏರಿಸಲಿಲ್ಲ, ಮುಂದಿನ ಚಾಪೆಗೆ ಹೋದರು. ಕೆನ್ನೆಗೆ ಬಾರಿಸಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಇವರಿಗೇನು ಇಷ್ಟು ಕೊಬ್ಬು ಎಂದು ಬೈದುಕೊಳ್ಳುತ್ತಲೇ ಮನೆಗೆ ಬಂದೆ. ಅದೇ ಶನಿವಾರ ಹನುಮಂತನಗರದ ಗುಡ್ಡದ ದೇವಸ್ಥಾನಕ್ಕೆ ಹತ್ತಿದವಳಿಗೆ ಇಳಿಯಲಾಗಲಿಲ್ಲ. ಎಲ್ಲರ ಕಣ್ಣೆದುರು ಒಂದೊಂದು ಮೆಟ್ಟಿಲಿಗೂ ಕೂತು, ಕೂಸಿನ ಹಾಗೆ ಜಾರಿಕೊಂಡು ಕೆಳಗಿಳಿದೆ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಓಟವಿರಲಿ, ಇನ್ನು ನಡಿಗೆಯೂ ಹೋಯಿತು ಎಂದುಕೊಂಡೆ. ಮನೆಗೆ ಬಂದು ಬೀರು ತೆಗೆದು ಪಟ್ಟಿ ಕಟ್ಟಿದೆ.

ಪುಡಿ ಪೂರ್ತಿ ಹೋಗಲು ಒಂದು ತಿಂಗಳು ಬೇಕಾಯಿತು. ಮತ್ತೆ ಅವರೆದುರು ಮಲಗಿ ಕಾಲೆತ್ತಿದಾಗ ಎರಡು ಬೆರಳು ಒತ್ತಿದವು, ಆಮೇಲೆ ಇಡೀ ಅಂಗೈ ಒತ್ತಿತು. ಕಾಲು ಅಲುಗಲಿಲ್ಲ. ಅವರಿಗಿಂತ ನನಗೇ ಆಶ್ಚರ್ಯ.

"ಈಗ ಓಡು. ಯಾರಾದ್ರೂ ಬೇಡ ಅಂದ್ರೆ ನನ್ನ ಹತ್ರ ಕಳ್ಸು," ಎಂದರು.

ಹೋದ ವರ್ಷ ಒಂದು ಬೆಳಿಗ್ಗೆ, ಕೆರೆ ಸುತ್ತ ಓಡಿ ಬಂದು ಫೋನ್ ನೋಡಿದರೆ ಆಂಟಿ ಇಲ್ಲ ಎಂಬ ಸುದ್ದಿ. ನಿದ್ದೆಯಲ್ಲೇ ಹೃದಯ ನಿಂತಿತ್ತಂತೆ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಅದರ ಮೇಲೆಯೇ ಹಿಂದಿನ ಸಂಜೆಯ ಅವರ ದನಿ ಇತ್ತು: ನಾಳೆ ಎಲ್ಲರೂ ಪಟ್ಟಿ ತನ್ನಿ, ಪುಡಿ ನೋಡ್ತೀನಿ. ಬಾಗಿಲಲ್ಲಿ ನಿಂತವಳು ಶೂ ಬಿಚ್ಚುವುದನ್ನೂ ಮರೆತು ಅದನ್ನು ಮೂರು ಸಲ ಕೇಳಿದೆ. ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ನಮ್ಮ ಮಂಡಿ, ಸೊಂಟ ಎಲ್ಲ ನೋಡಿದವರು ತಮ್ಮ ಎದೆಯನ್ನು ಯಾವ ಡಾಕ್ಟರಿಗೂ ತೋರಿಸಿರಲಿಲ್ಲ.

ಹನ್ನೊಂದನೇ ದಿನದ ಕಾರ್ಯಕ್ಕೆ ಅದೇ ಹಾಲ್‌ನಲ್ಲಿ ಎಲೆ ಹಾಕಿದ್ದರು. ಟೇಬಲ್ ಇರಲಿಲ್ಲ, ನಾವು ಮಲಗಿ ಕಾಲೆತ್ತುತ್ತಿದ್ದ ಚಾಪೆಗಳ ಮೇಲೆಯೇ ಊಟಕ್ಕೆ ಕೂತೆವು. ನಮ್ಮ ಸಾಲಿನ ತುಂಬ ಹೆಂಗಸರು, ಅರ್ಧಕ್ಕರ್ಧ ಐವತ್ತು ದಾಟಿದವರು. ಊಟ ಮುಗಿಯಿತು. ಎದ್ದೆವು. ಯಾರೂ ನೆಲಕ್ಕೆ ಕೈ ಊರಲಿಲ್ಲ, ಯಾರೂ ಮಂಡಿ ಹಿಡಿಯಲಿಲ್ಲ, ಒಬ್ಬರ ಬಾಯಿಂದಲೂ 'ಅಯ್ಯಪ್ಪಾ' ಬರಲಿಲ್ಲ. ಎದುರು ಸಾಲಿಗೆ ಮಜ್ಜಿಗೆ ಬಡಿಸುತ್ತಿದ್ದವರು ಸೌಟು ಹಿಡಿದು ಹಾಗೇ ನಿಂತುಬಿಟ್ಟರು. ನಾವೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬೆರಗಾದೆವು.

ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಅವರ ತಾಯಿ ನಮ್ಮನ್ನೇ ನೋಡುತ್ತಿದ್ದರು. ಎಂಬತ್ತೈದರ ಆ ಅಜ್ಜಿ, ಗೋಡೆಯನ್ನೂ ಮುಟ್ಟದೆ ಎದ್ದು ನಮ್ಮ ಹತ್ತಿರ ಬಂದರು.

"ನೀವೆಲ್ಲಾ ನನ್ ಮಗಳ ಕಡೆಯೋರಾ?" ಎಂದು ಕೇಳಿದರು.

ಎಂಜಲು ಕೈಯಲ್ಲೇ ನಿಂತು ಹೂಂ ಎಂದು ತಲೆಯಾಡಿಸಿದೆ.