ಮಾಸ್ತರರು ಹಲಗೆಯ ಮೇಲೆ ಬರೆದ ಶಬ್ದ

ನಮ್ಮ ಇಂಗ್ಲಿಷ್ ಮಾಸ್ತರರ ಗಂಟಲಮಣಿ ಬಹಳ ದೊಡ್ಡದು. ಪಾಠ ಓದಲು ಶುರು ಮಾಡಿದರೆ ಅದು ಕೋಟಿನ ಕಾಲರಿನ ಮೇಲೆ ಏರಿ ಇಳಿದು ಓಡಾಡುತ್ತಿತ್ತು. ನಾವು ಅರ್ಥ ಬಿಟ್ಟು ಅದನ್ನೇ ನೋಡುತ್ತ ಕೂರುತ್ತಿದ್ದೆವು. ಅವರಿಗೂ ಗೊತ್ತಿತ್ತು. ‘ನನ್ನ ಗಂಟಲಾ ನೋಡಿದ್ದು ಸಾಕು, ಹಲಗಿ ನೋಡ್ರಿ’ ಎನ್ನುತ್ತಿದ್ದರು.

ಧಾರವಾಡದ ಕಡೆಯವರು. ಕಾಗದದ ಮಿಲ್ಲು ಶುರುವಾಗಿ ದಾಂಡೇಲಿಗೆ ಜನ ಬಂದು ತುಂಬುತ್ತಿದ್ದ ಕಾಲದಲ್ಲಿ ಬಂದು ಅಂಬೇವಾಡಿಯಲ್ಲಿ ಮನೆ ಮಾಡಿದ್ದರು. ಧೋತರ, ಕರಿ ಕೋಟು, ಹಣೆಗೆ ವಿಭೂತಿ. ಪರೀಕ್ಷೆಗೆ ಇಷ್ಟು ಸಾಕು ಎಂದು ಕಲಿಸಿದವರಲ್ಲ. ಒಂದು ಸಣ್ಣ ಶಬ್ದ ಸಿಕ್ಕರೆ ವಾರವೆಲ್ಲ ಅದರ ಬೆನ್ನು ಹತ್ತುವರು. ‘ಇಂಗ್ಲಿಷ್ ಶಬ್ದ ಮನಿ ಸೊಸಿ ಇದ್ದಂಗ. ಯಾರ ಮುಂದ ಕುಂತಾಳ ನೋಡಿ ಅಕಿ ಮಾತಿನ ಅರ್ಥ ತಿಳ್ಕೋಬೇಕು’ ಎಂಬುದು ಅವರ ಮಾತು.

ಆ ವಾರ ಹಲಗೆಯ ಮೇಲೆ ಬರೆದ ಶಬ್ದ ‘ಕೀಪ್’. ಸೂಪಾ ಕಡೆಯ ಗೌಳಿ ಎಮ್ಮೆ ಸಾಕುವುದು ಕೀಪ್, ಬಜಾರದ ಸಾವಕಾರ ಅಂಗಡಿ ನಡೆಸುವುದು ಕೀಪ್, ಕೊಟ್ಟ ಮಾತು ಉಳಿಸಿಕೊಳ್ಳುವುದು ಕೀಪ್, ಬಾಯಿ ಮುಚ್ಚಿಕೊಂಡು ಕೂರುವುದೂ ಅದೇ. ‘ಮುಂಜಾನಿ ಕಾಸಿದ ಹಾಲು ಸಂಜೀತನಕಾ ಕೆಡಲಿಲ್ಲಂದ್ರ ಅದೂ ಕೀಪ್’ ಎಂದು ನಕ್ಕರು. ‘ಇನ್ನೊಂದು ಅರ್ಥ ಯಾರು ಹೇಳ್ತೀರಿ?’

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಇಟ್ಕೊಂಡಾಕಿ ರೀ ಸರ್’ ಎಂದು ನನ್ನ ಕಡೆ ನೋಡಿದ. ವರ್ಗವೆಲ್ಲ ನಕ್ಕಿತು.

ನನ್ನ ಅಪ್ಪ ಕಟ್ಟಿಗೆಯ ಗುತ್ತಿಗೆದಾರ. ಹೆಂಡತಿ ಮಕ್ಕಳು ಹಳಿಯಾಳದಲ್ಲಿ; ದಾಂಡೇಲಿಗೆ ಬಂದಾಗ ನಮ್ಮ ಮನೆಯಲ್ಲಿರುತ್ತಿದ್ದ. ಅಕ್ಷರ ಬಾರದ ಅವ್ವನಿಗೆ ಗೊತ್ತಿದ್ದ ಇಂಗ್ಲಿಷ್ ಶಬ್ದ ಅದೊಂದೇ. ನಳದ ಹತ್ತಿರ ಕೊಡ ಹಿಡಿದು ನಿಂತಾಗ ಬೆನ್ನ ಹಿಂದೆ ಕೇಳಿ ಕಲಿತದ್ದು.

ಮಾಸ್ತರರು ಹುಡುಗನಿಗೆ ಹೊಡೆಯಲಿಲ್ಲ. ‘ಆ ಅರ್ಥಾನೂ ಐತಿ. ಇಲ್ಲಂದ್ರ ಸುಳ್ಳ ಹೇಳಿದಂಗ ಆಗ್ತೈತಿ’ ಎಂದರು. ಖಡು ಕೆಳಗಿಟ್ಟು, ‘ಆದರ ಹೇಳುವಾಗ ಅಕಿ ಕಡೆ ಯಾಕ ನೋಡಿದಿ?’ ಎಂದು ಕೇಳಿದರು. ನಗು ನಿಂತಿತು. ಹುಡುಗ ತಲೆ ತಗ್ಗಿಸಿದ. ಮಾಸ್ತರರು ಹಲಗೆ ಒರೆಸಿ ಕುರ್ಚಿಯಲ್ಲಿ ಕೂತರು. ಗಂಟೆ ಹೊಡೆಯುವವರೆಗೂ ಪಾಠ ಮುಂದುವರಿಯಲಿಲ್ಲ.

ಮರುದಿನ ನಾನು ಶಾಲೆಗೆ ಹೋಗಲಿಲ್ಲ. ಇನ್ನು ಹೋಗುವುದೇ ಇಲ್ಲ ಎಂದು ಅವ್ವನಿಗೆ ಹೇಳಿದೆ. ಸಂಜೆ ಮಾಸ್ತರರು ಹೆಂಡತಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ನಮ್ಮ ಬಾಗಿಲಿಗೆ ಗಂಡ ಹೆಂಡತಿ ಜೋಡಿಯಾಗಿ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

‘ನಾಡಿದ್ದು ಶ್ರಾವಣ ಶುಕ್ರವಾರ. ಉಡಿ ತುಂಬಿಸ್ಕೊಳ್ಳಾಕ ಬರಬೇಕ್ರಿ ಅಕ್ಕಾರ’ ಎಂದು ಮಾಸ್ತರರ ಹೆಂಡತಿ ಕುಂಕುಮದ ಬಟ್ಟಲು ಮುಂದೆ ಹಿಡಿದರು. ಅಕ್ಕಿ, ಕೊಬ್ಬರಿ, ಕುಬಸಕ್ಕೆ ಕಣದ ಬಟ್ಟೆ ಸೆರಗಿಗೆ ಹಾಕಿಸಿಕೊಳ್ಳುವ ಆ ಮರ್ಯಾದೆ ಮುತ್ತೈದೆಯರಿಗೆ ಮಾತ್ರ. ಅವ್ವ ಹಿಂದೆ ಸರಿದಳು.

‘ನನ್ನ ಕೊರಳಾಗ ತಾಳಿ ಇಲ್ಲರಿ. ನಾ ಬಂದ್ರ ನಿಮ್ಮನಿಗೆ ಮತ್ತ್ಯಾರೂ ಬರಾಂಗಿಲ್ಲ.’

‘ಬರದಿದ್ರ ಬಿಡ್ಲಿ ಬಿಡ್ರಿ. ಹೋಳಿಗಿ ಉಳೀತಾವು, ನಾವ ತಿಂತೇವಿ’ ಎಂದರು ಮಾಸ್ತರರು. ಆಮೇಲೆ ನನ್ನತ್ತ ತಿರುಗಿ, ‘ನಾಳೆ ಸಾಲಿಗೆ ಬಾರವಾ. ಆ ಶಬ್ದ ಹಲಗಿ ಮ್ಯಾಲೆ ಬರದವ ನಾನು. ನೀ ಸಾಲಿ ಬಿಟ್ರ ನಾ ಯಾವ ಮುಖಾ ಇಟ್ಕೊಂಡು ಕಲಸಲಿ?’ ಎಂದರು.

ಶುಕ್ರವಾರ ಅವ್ವ ಹೋದಳು. ಅವಳನ್ನು ಕಂಡು ಕೆಲವರು ಎದ್ದು ಹೋದರು. ಉಳಿದವರು ಗೋಡೆ ನೋಡುತ್ತ ಕೂತರು. ಮಾಸ್ತರರ ಹೆಂಡತಿ ಉಡಿ ತುಂಬುವಾಗ ಅವ್ವನಿಗೆ ಸೆರಗು ಹಿಡಿಯುವುದು ಗೊತ್ತಾಗದೆ ಅಕ್ಕಿ ಚೆಲ್ಲಿತು. ಮುಂದೆ ಒಂದೆರಡು ವರ್ಷ ಆ ಮನೆಗೆ ಹೆಂಗಸರು ಬರುವುದು ಕಡಿಮೆಯೇ ಆಯಿತು. ಹೋಳಿಗೆ ನಿಜವಾಗಿಯೂ ಉಳಿದವು. ಮಾಸ್ತರರು ಅದನ್ನು ಒಮ್ಮೆಯೂ ನಮ್ಮೆದುರು ಎತ್ತಿ ಆಡಲಿಲ್ಲ. ನಾನು ಮ್ಯಾಟ್ರಿಕ್ ಪಾಸಾದೆ.

ಅಪ್ಪ ಹಳಿಯಾಳದಲ್ಲಿ ತೀರಿಕೊಂಡ. ಅವನ ಲಾರಿಯ ಡ್ರೈವರ್ ಬಾಗಿಲಲ್ಲೇ ನಿಂತು ಸುದ್ದಿ ಹೇಳಿ ಹೋದ. ಆ ಮನೆಗೆ ಹೋಗಿ ಮುಖ ನೋಡುವಂತಿರಲಿಲ್ಲ. ಅವ್ವ ಬಾಗಿಲು ಹಾಕಿಕೊಂಡಳು. ನೆರೆಯವರಿಗೆ ಕೇಳಬಾರದೆಂದು ಬಾಯಿಗೆ ಸೆರಗು ತುರುಕಿಕೊಂಡು ಕೂತಳು. ಮರುದಿನ ಎಂದಿನಂತೆ ನಳಕ್ಕೆ ಹೋದಳು.

ಅದರ ಮರುವರ್ಷ ಮಾಸ್ತರರು ಹೋದರು. ಎದೆನೋವು ಎಂದು ಶಾಲೆಯಿಂದ ಬೇಗ ಮನೆಗೆ ಬಂದವರು ಮತ್ತೆ ಏಳಲಿಲ್ಲ. ನಾವು ಹೋದಾಗ ಅವರನ್ನು ಗೋಡೆಗೆ ಆನಿಸಿ ಕೂರಿಸಿದ್ದರು, ಹಣೆ ತುಂಬ ವಿಭೂತಿ. ಅವ್ವ ಹೊಸ್ತಿಲ ಹೊರಗೇ ನಿಂತಳು.

‘ಅಲ್ಲೇ ಯಾಕ ನಿಂತ್ರಿ ಅಕ್ಕಾರ, ಒಳಗ ಬರ್ರಿ’ ಎಂದು ಮಾಸ್ತರರ ಹೆಂಡತಿ ಕೈ ಚಾಚಿದರು. ಅವ್ವ ಅವರ ಮಗ್ಗುಲಲ್ಲಿ ಕುಸಿದು, ದನಿ ತೆಗೆದು ಅತ್ತಳು. ಅವಳು ಹಾಗೆ ಅಳುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಧಾರವಾಡದಿಂದ ಬಂದಿದ್ದ ಮುದುಕಿಯೊಬ್ಬರು, ‘ಈಕಿ ನಿಮಗ ಏನಾಗಬೇಕು?’ ಎಂದು ಕೇಳಿದರು.

‘ಇವರು ನಮ್ಮ ಮನಿ ಮಂದಿನ ರೀ’ ಎಂದರು ಮಾಸ್ತರರ ಹೆಂಡತಿ.

ಅವ್ವ ಅವತ್ತು ಅಪ್ಪನಿಗೂ ಸೇರಿಸಿ ಅತ್ತಳು.