ಪುರಸಭೆಯ ಮೆಟ್ಟಿಲು

ಕಳೆದ ಭಾನುವಾರ ಬೆಳಿಗ್ಗೆ ಚಟ್ನಿಪುಡಿಗೆಂದು ಕೊಬ್ಬರಿ ಹುರಿಯುತ್ತಿದ್ದೆ. ಚೂರು ಮೈಮರೆತದ್ದಕ್ಕೆ ತಳ ಹತ್ತಿ, ಹಜಾರದ ಸ್ಮೋಕ್ ಅಲಾರಮ್ ಬಾಯಿ ಬಡಿದುಕೊಳ್ಳತೊಡಗಿತು. ಟೀ ಟವೆಲ್ ಬೀಸುತ್ತಾ ಅದಕ್ಕೆ ಮಂಗಳಾರತಿ ಮಾಡುತ್ತಿದ್ದಾಗ ಮಗಳು ಕೆಳಗಿಳಿದು ಬಂದು, ಮೂಗರಳಿಸಿ, "ಅಮ್ಮಾ, ಸ್ಮೆಲ್ಸ್ ಲೈಕ್ ಆಂಟೀಸ್ ಹೌಸ್" ಅಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ನಾನು ಒಲೆ ಆರಿಸಿ ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ.

ಆ ಆಂಟಿ ಇಂಗ್ಲೆಂಡಿನ ಈ ಶೆಫೀಲ್ಡಿನಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿದ್ದ ನರ್ಸ್, ಒಂಟಿ ಜೀವ. ಡಾಕ್ಟರಾದ ನನ್ನ ಗಂಡ ಕರೆಯುವಂತೆ ನಾನೂ ಸಿಸ್ಟರ್ ಎಂದೇ ಕರೆಯುತ್ತಿದ್ದೆ. ಆಕೆಯ ಊರು ಫಿಲಿಪೈನ್ಸಿನ ದಕ್ಷಿಣಕ್ಕಿರುವ ಮಿಂಡನಾವೊ ದ್ವೀಪದಲ್ಲಿ, ದೊಡ್ಡ ಸರೋವರದ ದಂಡೆಯ ಒಂದು ಪುಟ್ಟ ಪುರಸಭೆ ಪಟ್ಟಣ. ಸುತ್ತಲಿನ ಹಳ್ಳಿಗಳೆಲ್ಲ ಮುಸಲ್ಮಾನರವು, ಆಕೆಯೂ ಮುಸಲ್ಮಾನಳೇ. ಇದು ಇಲ್ಲಿ ಯಾರ ತಲೆಗೂ ಹೋಗುತ್ತಿರಲಿಲ್ಲ. ಫಿಲಿಪೈನ್ಸಿನವರೆಂದರೆ ಕ್ರಿಶ್ಚಿಯನ್ನರೇ ಎಂದುಕೊಂಡು ವಾರ್ಡಿನವರು ಬಹಳ ಪ್ರೀತಿಯಿಂದ ಆಕೆಗೆ ಕ್ರಿಸ್‌ಮಸ್ ರಜೆ ಕೊಟ್ಟು, ಈದ್ ದಿನ ಡ್ಯೂಟಿ ರೋಟಾದಲ್ಲಿ ಹೆಸರು ಹಾಕುತ್ತಿದ್ದರು.

"ಹೇಳಬಾರದಾ ಸಿಸ್ಟರ್?" ಅಂದರೆ, "ಹೇಳಿದೆ. ಮ್ಯಾನೇಜರ್ ಬದಲಾದ್ರು. ಮತ್ತೆ ಹೇಳಿದೆ, ಮತ್ತೆ ಬದಲಾದ್ರು. ಈಗ ಅವರ ಹಬ್ಬಕ್ಕೆ ಟರ್ಕಿ ಕೋಳಿ ತಿಂದು ಮಲಗ್ತೀನಿ" ಎಂದು ನಕ್ಕಳು.

ಪರಿಚಯವಾದದ್ದೂ ಅಲಾರಮ್‌ನಿಂದಲೇ. ಒಂದು ದಿನ ಆಕೆಯ ಮನೆಯದು ಕಿರುಚಿಕೊಂಡಾಗ ನಾನು ಬೆಂಕಿಯೇ ಬಿತ್ತೆಂದು ಓಡಿದ್ದೆ. ನೋಡಿದರೆ ಸುಟ್ಟ ಕೊಬ್ಬರಿ. ಪಕ್ಕದ ಒರಳಿನಲ್ಲಿ ಶುಂಠಿ, ಮೆಣಸಿನಕಾಯಿ, ಎಳೆ ಈರುಳ್ಳಿ. ಅಯ್ಯೋ, ಇದು ನಮ್ಮ ಚಟ್ನಿಯೇ! ಅಂದಿನಿಂದ ಎರಡೂ ಮನೆಗಳ ನಡುವೆ ಬಟ್ಟಲುಗಳು ಓಡಾಡಿದವು.

ಅವರೂರಿನಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುತ್ತಿದ್ದುದು ಪುರಸಭೆ ಕಚೇರಿಯ ಮುಂದೆ ಮಾತ್ರ. ಅಲ್ಲೇ ಗುಮಾಸ್ತನಾಗಿದ್ದ ಆಕೆಯ ತಮ್ಮ, ಭಾನುವಾರ ಇಲ್ಲಿ ಬೆಳಗಾಗಿ ಅಲ್ಲಿ ಸಂಜೆಯಾಗುವ ಹೊತ್ತಿಗೆ, ಮುದುಕಿ ತಾಯಿಯನ್ನು ಬೈಕಿನಲ್ಲಿ ಕರೆತಂದು ಕಚೇರಿಯ ಮೆಟ್ಟಿಲ ಮೇಲೆ ಕೂರಿಸುತ್ತಿದ್ದ. ನಾನೂ ಚಹದ ಲೋಟ ಹಿಡಿದು ಹೋಗಿ ಕೂರುತ್ತಿದ್ದೆ. ತಾಯಿಯ ಬಾಯಿ ನಮ್ಮಜ್ಜಿಯದರ ಹಾಗೆ ಅಡಿಕೆ ಜಗಿದು ಕೆಂಪು. ಹಿಂದೆ ಹೊಳೆಯುವ ಮಸೀದಿ ಗುಮ್ಮಟ, ಹುಡುಗರು ಬಾಸ್ಕೆಟ್‌ಬಾಲ್ ಆಡುವ ಅಂಗಳ, ಅದರಾಚೆ ನೀರು... ದಾರಿಹೋಕರೆಲ್ಲ ಫೋನಿನೊಳಗೆ ಇಣುಕಿ ನನಗೂ ಕೈಬೀಸುತ್ತಿದ್ದರು. ನಿಜ ಹೇಳುತ್ತೇನೆ, ಈಚೆಗೆ ನಮ್ಮ ಹುಬ್ಬಳ್ಳಿಯನ್ನು ನೋಡಿದ್ದಕ್ಕಿಂತ ಆ ಊರನ್ನೇ ಹೆಚ್ಚು ನೋಡಿದ್ದೇನೆ. ತಾಯಿ ಪ್ರತಿಸಲ ಕೇಳುತ್ತಿದ್ದುದು ಒಂದೇ ಮಾತು, ಯಾವಾಗ ಬರ್ತೀಯ?

ಆಕೆಗೆ ಅದೇ ಭಯ. ಒಮ್ಮೆ ಹೇಳಿಯೇಬಿಟ್ಟಳು. "ಅಮ್ಮ ಹೋದ್ರೆ ನಂಗೆ ಮುಖ ಸಿಗಲ್ಲ."

"ಯಾಕೆ ಸಿಗಲ್ಲ? ನಮ್ಮಪ್ಪ ಹೋದಾಗ ನಾನು ಹುಬ್ಬಳ್ಳಿ ಮುಟ್ಟೋವರೆಗೆ ಐಸ್ ಪೆಟ್ಟಿಗೆಯಲ್ಲಿಟ್ಟು ಕಾದ್ರು. ತಮ್ಮನಿಗೆ ಕಾಯೋಕೆ ಹೇಳಿ, ಆಯ್ತಲ್ಲ!"

"ನಮ್ಮಲ್ಲಿ ಕಾಯಲ್ಲ," ಅಂದಳು. "ಸತ್ತವರನ್ನ ಕಾಯಿಸಬಾರದು. ನಾನಿನ್ನೂ ವಿಮಾನದಲ್ಲಿರೋವಾಗ್ಲೇ ಮಣ್ಣು ಮುಗಿದಿರುತ್ತೆ." ಅದಕ್ಕೇ ತಾಯಿ ಬದುಕಿರುವಾಗಲೇ ಹೋಗಿ ಬರಬೇಕೆಂದು ಹಟ ಹಿಡಿದು, ಬೇಸಿಗೆಗೆ ದೊಡ್ಡ ರಜೆ ಮಂಜೂರು ಮಾಡಿಸಿಕೊಂಡಳು. ಟಿಕೆಟ್ ಆದ ದಿನ ನನಗೆ ಆ ಕೊಬ್ಬರಿ ಚಟ್ನಿಯನ್ನು ಒಂದು ಡಬ್ಬಿ ತುಂಬಾ ಮಾಡಿಕೊಟ್ಟಿದ್ದಳು.

ಆಮೇಲೆ ಬೆನ್ನುನೋವು ಬಂತು, ಸ್ಕ್ಯಾನ್ ಬಂತು. ವಾರ್ಡಿನಲ್ಲಿ ಎಷ್ಟೋ ಜನರಿಗೆ ಏನೂ ಇರಲ್ಲ ಬಿಡಿ ಎಂದು ಸಮಾಧಾನ ಹೇಳಿದಾಕೆಗೆ ಎಲ್ಲವೂ ಇತ್ತು, ಕ್ಯಾನ್ಸರ್ ಮೈಯೆಲ್ಲ ಹರಡಿತ್ತು. ಈಗಲೇ ಊರಿಗೆ ಕಳಿಸಬಾರದೇ ಎಂದು ಗಂಡನ ಹತ್ತಿರ ಜಗಳವಾಡಿದೆ. ಅವರು ತಲೆ ತಗ್ಗಿಸಿ, "ವಿಮಾನ ಹತ್ತಿಸಿದ್ರ ಇಳಿಯೂದು ಆಗಂಗಿಲ್ಲ" ಅಂದರು. ಆಕೆ ತಾಯಿಗೆ ಹೇಳಲೇ ಇಲ್ಲ. ಭಾನುವಾರ ಬಂದರೆ ತುಟಿಗೆ ಬಣ್ಣ ಹಚ್ಚಿ, ಕತ್ತಿನವರೆಗೂ ಕಂಬಳಿ ಹೊದ್ದು ಫೋನಿನ ಮುಂದೆ ಕೂರುವಳು. ಯಾಕೆ ಹೀಗೆ ಹೊದ್ದಿದ್ದೀಯ ಎಂದು ತಾಯಿ ಕೇಳಿದರೆ, ಇಲ್ಲಿ ಚಳಿ ಎನ್ನುವಳು. 

ಜನವರಿಯಲ್ಲಿ ತೀರಿಕೊಂಡಳು. ನನ್ನನ್ನೂ ಕಾಯಿಸಬೇಡಿ ಎಂದು ಮೊದಲೇ ಹೇಳಿದ್ದಳು. ಮರುದಿನ ಬೆಳಿಗ್ಗೆಯೇ ಮಣ್ಣು. ಹೊತ್ತವರು ಮಸೀದಿಯ ಹುಡುಗರು, ಆಕೆಯ ಮುಖವನ್ನೂ ಕಂಡವರಲ್ಲ. ಹುಲ್ಲಿನ ಮೇಲೆಲ್ಲ ಬಿಳಿ ಇಬ್ಬನಿ ಗಟ್ಟಿಯಾಗಿತ್ತು. ನಾನು ಫೋನ್ ಹಿಡಿದು ನಿಂತಿದ್ದೆ. ಅಲ್ಲಿ ಮುಸ್ಸಂಜೆ, ಅದೇ ಮೆಟ್ಟಿಲ ಮೇಲೆ ತಾಯಿ, ಹಿಂದೆ ಇಡೀ ಊರು. ಅವತ್ತು ಯಾರೂ ಇಣುಕಲಿಲ್ಲ.

ಮುಖ ತೋರಿಸಲು ಹಿರಿಯರೊಬ್ಬರು ಬಟ್ಟೆಗೆ ಕೈಹಾಕುವ ಹೊತ್ತಿಗೆ ಚಿತ್ರ ತಡೆತಡೆದು ಬರತೊಡಗಿತು. ತಮ್ಮನ ದನಿ ಮಾತ್ರ ಕೇಳಿಸಿತು. "ಮ್ಯಾಡಮ್, ಕಾಣ್ತಿಲ್ಲ. ಅಮ್ಮ ಕೇಳ್ತಿದ್ದಾಳೆ... ಸ್ವಲ್ಪ ಕಾಯೋಕಾಗುತ್ತಾ ಅಂತ."

ಹಿರಿಯರಿಗೆ ಹೇಳಿದೆ. ಪುಣ್ಯಾತ್ಮರು, ಕಾದರು. ಹುಡುಗರು ಕೈಗೆ ಉಸಿರೂದಿಕೊಳ್ಳುತ್ತಾ ನಿಂತರು. ಫೋನನ್ನು ಎತ್ತಿದೆ, ತಿರುಗಿಸಿದೆ, ಕಾಣದ ದೇವರಿಗೆಲ್ಲ ಕೈಮುಗಿದೆ. ಕೊನೆಗೆ ಅವರು ಮೆಲ್ಲಗೆ, "ಇನ್ನು ಸಾಕಮ್ಮಾ" ಎನ್ನುವಂತೆ ನನ್ನತ್ತ ನೋಡಿದರು. ತಮ್ಮ ಆಮೇಲೆ ತಿಳಿಸಿದ. ಅವರ ಕಡೆ ನಿಂತುಹೋದ ಚಿತ್ರದಲ್ಲಿ ಇದ್ದದ್ದು ಬರೀ ಬಿಳಿ ಹುಲ್ಲು. ತಾಯಿ ಅದನ್ನೇ ನೋಡುತ್ತಾ ಕೂತು, ಅಷ್ಟು ಚಳಿಯಾ ಅಲ್ಲಿ, ಅವಳಿಗೆ ಹೊದಿಸಿದ್ದಾರಾ ಎಂದು ಕೇಳಿದಳಂತೆ.

ಪಕ್ಕದ ಮನೆಗೆ ಈಗ ಬೇರೆ ಯಾರೋ ಬಂದಿದ್ದಾರೆ. ಆಕೆಯ ತಮ್ಮ ಮಾತ್ರ ಆಗೀಗ ಭಾನುವಾರ ಫೋನ್ ಮಾಡುತ್ತಾನೆ. ಮೊನ್ನೆ ಕೊಬ್ಬರಿ ಹತ್ತಿದ ದಿನವೂ ಮಾಡಿದ. ತಾಯಿ ಮೆಟ್ಟಿಲ ಮೇಲಿದ್ದಳು, ತೀರಾ ಸೊರಗಿದ್ದಳು. ಯಾವಾಗ ಬರ್ತೀಯ ಎಂದು ಈಗ ಯಾರನ್ನೂ ಕೇಳುವುದಿಲ್ಲ. ನಾನು ಬಾಣಲೆಯನ್ನೇ ಎತ್ತಿ ತೋರಿಸಿದೆ. ತಾಯಿ ಕಣ್ಣು ಕಿರಿದು ಮಾಡಿ ನೋಡಿ ಏನೋ ಅಂದಳು.

"ಸುಟ್ಟಿದೆ ಅಂತಾಳೆ," ಅಂದ ತಮ್ಮ. "ಅಕ್ಕನೂ ಯಾವಾಗ್ಲೂ ಸುಡ್ತಿದ್ಲಂತೆ."

ಅಷ್ಟರಲ್ಲಿ ಚಿತ್ರ ನಿಂತುಹೋಯಿತು. ತಾಯಿಯ ಕೆಂಪು ಬಾಯಿ ಇನ್ನೂ ಏನೋ ಹೇಳುತ್ತಿರುವಂತೆ ತೆರೆದೇ ಇತ್ತು. ಮಗಳು ಬಂದು, "ಅಮ್ಮಾ, ಕಾಲ್ ಈಸ್ ಗಾನ್" ಅಂದಳು. ನನಗೂ ಗೊತ್ತಿತ್ತು. ಆದರೂ ಫೋನ್ ಕೆಳಗಿಡದೆ ಕಾಯುತ್ತಾ ಕೂತೆ.